ಉಗುಳು ತಾಗದ ಸುರುಳಿ

ಗಡಹಿಂಗ್ಲಜದ ಈ ಶಾಲೆಯ ಮಾಳಿಗೆಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಹೌಸಾಬಾಯಿ, ರೇಡಿಯೋದಂಥ ಪೆಟ್ಟಿಗೆಯೊಂದರ ಮುಂದೆ ಕುಳಿತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಕೃತಕ ಉಪಗ್ರಹವೊಂದು ಈ ಊರನ್ನು ದಾಟಲಿದೆ. ಅದರ ಸದ್ದನ್ನು ಪೆಟ್ಟಿಗೆ ಜಾರಿಸದೆ ಹಿಡಿದರೆ ಅವರ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಇಚಲಕರಂಜಿಯ ಮಗ್ಗಕ್ಕೆ ವಾಪಸು.

"ನಾ ಅಂತೂ ಹೋಗಂಗಿಲ್ರಿ," ಎಂದು ವರದಿಗೆ ಬಂದ ನನಗೆ ಮೊದಲೇ ಹೇಳಿಬಿಡುತ್ತಾರೆ.

ಗೋಕಾಕದ ಕಡೆಯಿಂದ ಬಂದ ಮನೆತನ. ಎಳವೆಯಿಂದಲೂ ಮಗ್ಗದ ಕಂಡಿಕೆಗೆ ನೂಲು ಸುತ್ತಿದವರು. ಗಂಡ ಕ್ಷಯದಿಂದ ತೀರಿಕೊಂಡ ಮೇಲೆ, ಆ ಬೆರಳುಗಳ ಚುರುಕು ನೋಡಿ ಇಚಲಕರಂಜಿಯ ರೇಡಿಯೋ ಅಂಗಡಿಯ ಅಭಯಕುಮಾರ ತಂತಿ ಸುರುಳಿ ಸುತ್ತಲು ಕರೆದರು. ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರಿಗೆ ಈ ಪೆಟ್ಟಿಗೆ ಬೇಕಿತ್ತು. ಮುಗಿಲಾಚೆಯ ಅಯಾನುಮಂಡಲವೆಂಬ ವಾಯುಪದರವನ್ನು ಹಾದು ಬರುವಾಗ ಉಪಗ್ರಹದ ಸದ್ದು ಏರಿಳಿಯುತ್ತದೆ. ಅದರಿಂದಲೇ ಆ ಪದರವನ್ನು ಅಳೆಯುವುದು. ಪೆಟ್ಟಿಗೆಯೇ ಹೊಯ್ದಾಡಿದರೆ ಅಳತೆ ಮಣ್ಣುಪಾಲು.

ಹೋದ ಸಲ ಆದದ್ದು ಅದೇ. ಪೆಟ್ಟಿಗೆಯೊಳಗೆ ಸದ್ದಿನ ಶ್ರುತಿ ಹಿಡಿಯುವ ಸುರುಳಿಯದು ಹತ್ತಿ ನೂಲು ಹೊದಿಸಿದ ತಾಮ್ರದ ತಂತಿ. ಮಗ್ಗದವರು ನೂಲಿನ ತುದಿಯನ್ನು ಉಗುಳಿನಿಂದ ಒದ್ದೆ ಮಾಡುತ್ತಾರೆ. ಹೌಸಾಬಾಯಿಯೂ ಮಾಡಿದರು. ಆ ತೇವ ಹತ್ತಿಯಲ್ಲಿ ಉಳಿದು, ಪೆಟ್ಟಿಗೆ ಬಿಸಿಯಾದಂತೆ ಸದ್ದು ಕೈಗೆ ಸಿಗದೆ ಜಾರಿತು.

"ಹೌಸಾಬಾಯಿಯಂಥ ಮಗ್ಗದವರನ್ನು ಕೂರಿಸಿದರೆ ಇನ್ನೇನಾಗುತ್ತೆ!" ಎಂದರಂತೆ ಪ್ರಾಧ್ಯಾಪಕರು. ಕೇಳಿ ನನಗೇ ಸಿಟ್ಟು ಬಂತು. ಯಾರೂ ತಪ್ಪೇ ಮಾಡದ ಪ್ರಯೋಗಶಾಲೆ ಎಲ್ಲಿದೆಯೋ, ನನಗಂತೂ ಗೊತ್ತಿಲ್ಲ.

ಹೌಸಾಬಾಯಿ ಅಳಲಿಲ್ಲ. ಎಲ್ಲ ಸುರುಳಿ ಬಿಚ್ಚಿ, ಹೊಸ ತಂತಿ ತರಿಸಿದರು. "ಕೈ ತಾನ ಬಾಯಿಗೆ ಹೊಕ್ಕಿತ್ರಿ. ಅದಕ್ಕ ಸೆರಗಿಲೆ ಬಾಯಿ ಬಿಗದ ಕಟ್ಕೊಂಡ ಸುತ್ತೀನಿ. ಅಂಗಡ್ಯಾಗ ಭಾಳ ನಕ್ರು. ನಗವಲ್ರ್ಯಾಕ!"

ಇಚಲಕರಂಜಿಯಲ್ಲಿ ಮಗ್ಗದ ಮೋಟಾರುಗಳ ಕರಕರ ಈ ಸದ್ದನ್ನು ನುಂಗುತ್ತದೆಂದು ಪರೀಕ್ಷೆ ಇಲ್ಲಿ ನಡೆದಿದೆ. ಪೆಟ್ಟಿಗೆ ಆಗಲೇ ಬಿಸಿಯಾಗಿದೆ. ಪ್ರಾಧ್ಯಾಪಕರೂ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದಾರೆ. ಹೌಸಾಬಾಯಿ ಥಟ್ಟನೆ ಕೈ ಎತ್ತುತ್ತಾರೆ. ಸಣ್ಣ ಸಿಳ್ಳೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಉಪಗ್ರಹ ದಿಗಂತದಲ್ಲಿ ಮುಳುಗುವ ತನಕ ಕೈಬಿಡುವುದಿಲ್ಲ.

"ಜಾರಲಿಲ್ಲ," ಎನ್ನುತ್ತಾರೆ ಪ್ರಾಧ್ಯಾಪಕರು. "ಅಭಯಕುಮಾರರ ಪೆಟ್ಟಿಗೆ ಪಾಸು."

ಹೌಸಾಬಾಯಿ ಹೆಡ್‌ಫೋನು ತೆಗೆದು ಅವರನ್ನೇ ನೋಡುತ್ತಾರೆ.

"ಸಾಹೇಬ್ರ, ಕೆಟ್ಟಾಗ ನನ್ನ ಹೆಸರು ಹೇಳಿದ್ರಿ. ಈಗೂ ಹೇಳ್ರಿ."