ಮೂರು ಸಲ ತೊಳೆದು, ಐದು ನಿಮಿಷ ಕಾದು

ಪಿಎಚ್‌ಡಿ ನಂತರದ ಪೋಸ್ಟ್‌ಡಾಕ್ ಸಂಶೋಧನೆಯ ಅರ್ಜಿಗೆಂದು ಅಂಕಪಟ್ಟಿ ಹುಡುಕುತ್ತಿದ್ದಾಗ ಫೈಲಿನ ತಳದಿಂದ ಮಸಿ ಹಿಡಿದ ಕಾಗದವೊಂದು ಜಾರಿ ಬಿತ್ತು. ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ಹೊಗೆ, ಮಸಿ ಅಳಿಯದಿರಲೆಂದು ಬಳಿದ ವಾರ್ನಿಶ್... ಅದರ ಹಿಂದೆಯೇ ಚಾಚಾ.

ಚಾಚಾ ದಾವಣಗೆರೆಯ ನಮ್ಮ ಫಾರ್ಮಸಿ ಕಾಲೇಜಿನ ಲ್ಯಾಬ್ ಅಟೆಂಡರ್. ಪ್ರಾಕ್ಟಿಕಲ್ ಇದ್ದ ದಿನ ಹರಿಹರದ ಕೋಳಿ ಅಂಗಡಿಯಿಂದ ಕರುಳು ತಂದು, ಉಪ್ಪುನೀರಿನ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. "ಏನ್ ಚಾಚಾ, ಡಬ್ಬ್ಯಾಗೆ ಏನೈತೆ ಊಟ?" ಎಂದು ಕಂಡಕ್ಟರ್ ಕೇಳಿದರೆ, "ಕಾಲೇಜ್ ಹುಡುಗ್ರ ಹಣೇಬರಹ ಐತ್ರಿ" ಎನ್ನುತ್ತಿದ್ದರಂತೆ. ಆ ಕರುಳಿನ ತುಂಡನ್ನು ಗಾಜಿನ ನಳಿಕೆಯಲ್ಲಿ ತೂಗುಹಾಕಿ ಔಷಧಿ ಬಿಟ್ಟರೆ ಅದು ಮುದುರುತ್ತಿತ್ತು. ತಿರುಗುವ ಡ್ರಮ್ಮಿಗೆ ಸುತ್ತಿದ ಮಸಿ ಕಾಗದದ ಮೇಲೆ ಕರುಳಿಗೆ ಕಟ್ಟಿದ ಕಡ್ಡಿಯೊಂದು, ಅದು ಮುದುರಿದಷ್ಟೂ ಎತ್ತರಕ್ಕೆ ಗೆರೆ ಗೀಚುತ್ತಿತ್ತು.

ನಾನು ಎಲ್ಲರನ್ನೂ ಅಣಕಿಸುವವನು. ಪ್ರಿನ್ಸಿಪಾಲರ ಕೆಮ್ಮು, ಮೇಡಂ ನಡಿಗೆ, ಚಾಚಾರ ಗೊಗ್ಗರು ದನಿ. ನಿನ್ನ ಸ್ವಂತ ದನಿ ಯಾವುದೋ ಎಂದು ನಮ್ಮವ್ವನೇ ಕೇಳುತ್ತಿದ್ದಳು, ನನಗೂ ಗೊತ್ತಿರಲಿಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಮೊದಲ ಗೆರೆ ಎತ್ತರಕ್ಕೆ ಎದ್ದಿತು. ಆ ಹುಮ್ಮಸ್ಸಿನಲ್ಲಿ ಮೇಲಿಂದ ಮೇಲೆ ಔಷಧಿ ಬಿಟ್ಟೆ. ಗೆರೆ ಕುಗ್ಗುತ್ತ ಕುಗ್ಗುತ್ತ ಮಲಗಿಯೇ ಬಿಟ್ಟಿತು. ಹೊಸ ಕಾಗದ ತಂದ ಚಾಚಾ ಬಗ್ಗಿ ನೋಡಿದರು.

"ಎಷ್ಟ್ ಹಾಕ್ತೀಯಪ್ಪಾ? ಮೂರ್ ಸಲ ತೊಳಿ. ಐದ್ ನಿಮಿಷ ಸುಮ್ಕಿರು. ಅದೂ ಉಸ್ರಾಡ್ಲಿ."

"ಸುಮ್ಕಿರೋದು ನನ್ ಸಿಲೆಬಸ್ಸಿನಾಗೆ ಇಲ್ಲ ಚಾಚಾ," ಅವರದೇ ಗೊಗ್ಗರು ದನಿ ತೆಗೆದು ಅಂದೆ.

"ನನ್ನಂಗೆ ಮಾತಾಡ್ತೀಯಲ್ಲ, ನನ್ನಂಗೆ ಕಾಯೋದೂ ಮಾಡಿ ತೋರ್ಸು!"

ಕರುಳನ್ನು ಮೂರು ಸಲ ತೊಳೆದು, ಮಾಡಿ ತೋರಿಸಿದೆ. ಕೈಕಟ್ಟಿ, ಕಣ್ಣು ಅರೆಮುಚ್ಚಿ, ಥೇಟ್ ಅವರಂತೆಯೇ. ಆರನೇ ನಿಮಿಷಕ್ಕೆ ಬಿಟ್ಟ ಔಷಧಿಗೆ ಗೆರೆ ಮತ್ತೆ ಎದ್ದು ನಿಂತಿತು.

ಔಷಧಿಯ ಸಂದೇಶ ಹಿಡಿಯುವ ಗ್ರಾಹಕಗಳು ಜೀವಕೋಶದ ಮೈಮೇಲಿರುತ್ತವೆ. ಬಿಡುವಿಲ್ಲದೆ ಕೂಗಿದರೆ ಅವು ಕಿವಿಗೊಡುವುದನ್ನೇ ಬಿಡುತ್ತವೆ. ಯಾಕೆ ಎಂಬುದೇ ನನ್ನ ಪಿಎಚ್‌ಡಿ. ಪೋಸ್ಟ್‌ಡಾಕ್‌ನಲ್ಲಿ ಮುಂದುವರಿಸಬೇಕಾದದ್ದೂ ಅದನ್ನೇ.

ಅರ್ಜಿಯಲ್ಲಿ ಒಂದು ಕಾಲಂ: ಈ ಪ್ರಯೋಗವನ್ನು ಯಾರ ಬಳಿ ಕಲಿತಿರಿ? ಚಾಚಾರ ಹೆಸರು ಬರೆದು ಪಕ್ಕದಲ್ಲಿ 'ಲ್ಯಾಬ್ ಅಟೆಂಡರ್, ಓದಿದ್ದು ಏಳನೇ ತರಗತಿ' ಎಂದು ಹಾಕಿದೆ. ಕರಡು ಓದಿದ ನನ್ನ ಪಿಎಚ್‌ಡಿ ಗೈಡ್ ಫೋನ್ ಮಾಡಿದರು.

"ಅದನ್ನ ತೆಗೆದು ನನ್ನ ಹೆಸರು ಹಾಕಪ್ಪ. ಇರೋದೇ ಒಂದು ಹುದ್ದೆ. ಓದಿದವರು ನಗ್ತಾರೆ."

"ನಗ್ಲಿ ಬಿಡ್ರಿ ಸಾರ್, ನಗ್ಸೋದು ನನಗೆ ಹೊಸದಲ್ಲ. ಹೆಸ್ರು ಮಾತ್ರ ತೆಗೆಯಲ್ಲ."

ಚಾಚಾ ತೀರಿಕೊಂಡು ಎರಡು ವರ್ಷವಾಯಿತು. ಮಣ್ಣಿಗೂ ಹೋಗಲಾಗಲಿಲ್ಲ ನನಗೆ... ಆ ಲ್ಯಾಬಿನಲ್ಲೀಗ ಕರುಳು ಕಂಪ್ಯೂಟರ್ ಪರದೆಯ ಮೇಲೆ ಮುದುರುತ್ತದೆ. ತೊಳೆಯುವುದೂ ಇಲ್ಲ, ಕಾಯುವುದೂ ಇಲ್ಲ. ಅವರ ದನಿಯನ್ನು ಇವತ್ತಿಗೂ ತೆಗೆಯಬಲ್ಲೆ. ಕೇಳಿಸಿಕೊಂಡು ತಿರುಗಿ ಬೈಯಲು ಅವರಿಲ್ಲ.

ಇವತ್ತು ಬೆಳಿಗ್ಗೆ ಅರ್ಜಿ ಕಳಿಸಿದೆ, ಹೆಸರಿನ ಸಮೇತ. ಬೇಡವೆಂದರೆ ಇನ್ನೊಂದು ಕಡೆ ಹಾಕುತ್ತೇನೆ. ಅಲ್ಲಿಯೂ ಅದೇ ಕಾಲಂ, ಅದೇ ಹೆಸರು. ಸದ್ಯಕ್ಕೆ ಕೈಕಟ್ಟಿ, ಕಣ್ಣು ಅರೆಮುಚ್ಚಿ ಕೂತಿದ್ದೇನೆ.