ನಾನು ಬಿಚ್ಚಿಸಿದ ಎಡಭಾಗ

ಆ ಸ್ವೆಟರಿನ ಎಡಭಾಗವನ್ನು ಹೇಗೆ ಹೆಣೆಯಬೇಕೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿದೆ. ಒಂದು ಸಲವಲ್ಲ — ಶಮೀಮ್ ಬಾಗಿಲು ತಟ್ಟಿದ ಒಂದೊಂದು ಮಧ್ಯಾಹ್ನವೂ ಹೇಳಿದೆ.

ನಾನು ಆಸ್ಪತ್ರೆಯಲ್ಲಿ ವಾರ್ಡಿನ ಸಿಸ್ಟರ್ ಆಗಿದ್ದವಳು. ಡಾಕ್ಟರರ ಅಕ್ಷರ ತಿಳಿಯದಿದ್ದರೆ ಊಹಿಸಿ ಔಷಧಿ ಕೊಟ್ಟವಳಲ್ಲ. ಮಹಡಿ ಇಳಿದು ಹೋಗಿ ಕೇಳಿ ಬಂದವಳು. ನಿವೃತ್ತಿಯಾದ ಮೇಲೂ, ಸಯನ್ ಬಡಾವಣೆಯ ಈ ಒಂದು ಕೋಣೆಯ ಮನೆಯಲ್ಲಿ, ಚಾದರದ ಮೂಲೆಗಳನ್ನು ವಾರ್ಡಿನಲ್ಲಿ ಮಡಚುತ್ತಿದ್ದ ಹಾಗೆಯೇ ಮಡಚುತ್ತೇನೆ. ಮದುವೆಯಾದವಳಲ್ಲ; ಕೆಡಿಸುವವರಿಲ್ಲದ ಮನೆ ಬೇಗ ಒಪ್ಪವಾಗುತ್ತದೆ. ಆಮೇಲೆ ಉಳಿಯುವುದು ಮಧ್ಯಾಹ್ನ. ಅದಕ್ಕೆ ನನ್ನ ಬಳಿ ಯಾವ ಡ್ಯೂಟಿಯೂ ಇರಲಿಲ್ಲ.

ಶಮೀಮ್ ಕೆಳಗಿನ ಮಹಡಿಯವರು, ವಿಜಯಪುರದ ಕಡೆಯವರು. ನಾಶಿಕ್‌ನಲ್ಲಿದ್ದ ಅವರ ಮಗಳಿಗೆ ಚೊಚ್ಚಲ ಬಸಿರು. ಬಾಣಂತನಕ್ಕೆ ತಾಯಿಯೇ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. "ಅಮ್ಮೀ, ಅಪನೇ ಹಾಥ್ ಕಾ ಏಕ್ ಸ್ವೆಟರ್ ಲಾನಾ" ಎಂದು, ಹುಟ್ಟುವ ಮಗುವಿಗೆ ತಾಯಿಯೇ ಕೈಯಾರೆ ಹೆಣೆದ ಸ್ವೆಟರನ್ನು ಮಗಳು ಫೋನಿನಲ್ಲಿ ಕೇಳಿ, ಎಲ್ಲಿಂದಲೋ ಒಂದು ಇಂಗ್ಲಿಷ್ ಹೆಣಿಗೆ ನಮೂನೆ ಕಳಿಸಿದ್ದಳು. ಅದರ ಪ್ರಿಂಟ್ ತೆಗೆಸಿಕೊಂಡು ಅವರು ನನ್ನಲ್ಲಿಗೆ ಬಂದರು.

"ಸಿಸ್ಟರ್, ಇದು ಸ್ವೆಟರೋ ಔಷಧದ ಚೀಟಿಯೋ, ನೀವs ನೋಡ್ರಿ."

"ಮೊಬೈಲ್‌ನ್ಯಾಗ ಹೇಳಿಕೊಡ್ತಾರಲ್ಲ?" ಎಂದೆ.

"ಆ ವಿಡಿಯೋದಾಗಿನ ಹುಡುಗಿ ಲೋಕಲ್ ಟ್ರೇನ್ ಹಿಡಿಯೋರ ಗತೆ ಹೆಣಿತಾಳ್ರಿ. ನಾನು ಪ್ಲಾಟ್‌ಫಾರ್ಮ್ ಮ್ಯಾಲೇ ಉಳಿತೀನಿ!"

ಈ ಮನೆಯಲ್ಲಿ ನಾನು ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಅಂದಿನಿಂದ ದಿನವೂ ಬಂದರು. ನಾನು ಓದಿ ಅರ್ಥ ಹೇಳುತ್ತಿದ್ದೆ, ಅವರು ಹೆಣೆಯುತ್ತಿದ್ದರು. ನಿಂಬೆ ಬಣ್ಣದ ಉಣ್ಣೆ, ತೋಳಿಲ್ಲದ ಸ್ವೆಟರ್. ಬೆನ್ನು ಮುಗಿಯಿತು, ಮುಂದಿನ ಬಲಭಾಗವೂ ಮುಗಿಯಿತು. ಆಮೇಲೆ ಆ ಸಾಲು ಬಂತು — ಎಡಭಾಗವನ್ನು ಬಲಭಾಗದಂತೆಯೇ ಹೆಣೆಯಿರಿ, ಆಕಾರವನ್ನು ತಿರುಗಿಸಿ. ಅಷ್ಟೇ. ಏನನ್ನು ತಿರುಗಿಸುವುದು, ಎಲ್ಲಿ, ಒಂದಕ್ಷರವಿಲ್ಲ. ಬಲಭಾಗದಂತೆಯೇ ಹೆಣೆದರೆ ಇನ್ನೊಂದು ಬಲಭಾಗವೇ ಆಗುತ್ತದೆ. ಮಗುಚಿ ಹಾಕಿದರೆ ಒಳಗಿನ ಒರಟು ಮಗ್ಗುಲು ಹೊರಗೆ ಬರುತ್ತದೆ. ಮೊದಲೆರಡು ದಿನ ನನಗೂ ನಿಜವಾಗಿ ತಿಳಿಯಲಿಲ್ಲ. ಅಷ್ಟರ ಮಟ್ಟಿಗೆ ನಾನು ಸುಳ್ಳಿಯಲ್ಲ.

ಮರುದಿನ ಬೆಳಿಗ್ಗೆ ಹಳೆಯ ಪೇಪರನ್ನು ಬಲಭಾಗದ ಅಳತೆಗೆ ಕತ್ತರಿಸಿದೆ. ಇನ್ನೊಂದನ್ನು ಕತ್ತರಿಸಿ ಎದುರುಬದುರಾಗಿ ಇಟ್ಟೆ. ತಕ್ಷಣ ಕಂಡಿತು — ಬಲಭಾಗದಲ್ಲಿ ಸಾಲಿನ ಮೊದಲಿಗೆ ಎಲ್ಲಿ ಕುಣಿಕೆ ಕಡಿಮೆ ಮಾಡಿದ್ದೆವೋ, ಎಡಭಾಗದಲ್ಲಿ ಅದನ್ನು ಸಾಲಿನ ಕೊನೆಗೆ ಮಾಡಬೇಕು. ಕುತ್ತಿಗೆಯ ಓರೆ ಎರಡೂ ಕಡೆಯಿಂದ ನಡುವಿಗೆ ಬರುತ್ತದೆ. ಇಷ್ಟೇ! ಕೆಳಗೆ ಓಡಿ ಹೋಗಿ ಹೇಳಬೇಕೆನಿಸಿತು, ಚಪ್ಪಲಿಯನ್ನೂ ಮೆಟ್ಟಿದೆ.

ಆಗ ಹೊಳೆಯಿತು — ಇದನ್ನು ಹೇಳಿದರೆ ಸ್ವೆಟರ್ ಮುಗಿಯುತ್ತದೆ. ಮುಗಿದರೆ ಅವರು ಮತ್ತೆ ಯಾಕೆ ಬರಬೇಕು?

ಚಪ್ಪಲಿ ಬಿಟ್ಟೆ. ಪೇಪರ್ ತುಂಡುಗಳನ್ನು ರದ್ದಿಯ ಗಂಟಿಗೆ ಸೇರಿಸಿದೆ. ಮಧ್ಯಾಹ್ನ ಅವರು ಬಂದಾಗ, "ಇನ್ನೂ ತಿಳಿದಿಲ್ಲ ನೋಡ್ರಿ, ಇವತ್ತು ಹಿಂಗ ಮಾಡಿ ನೋಡೋಣು" ಎಂದೆ. ಮರುದಿನ ಹಂಗ ಎಂದೆ. ಅವರು ಹೆಣೆದರು, ಬಿಚ್ಚಿದರು, ಮತ್ತೆ ಹೆಣೆದರು. ನಡುವೆ ಚಹಾ, ಅವರ ಊರಿನ ಮಾತು, ನನ್ನ ವಾರ್ಡಿನ ಮಾತು... ನನ್ನ ಮಧ್ಯಾಹ್ನಗಳು ತುಂಬಿದ್ದವು.

ಒಂದು ದಿನ ಅವರು ಕಡ್ಡಿಗಳನ್ನು ಎತ್ತಿ ತೋರಿಸಿದರು. "ಇವತ್ತು ಸಾಲಿನ ಕೊನೀ ಕಡೆ ಕುಣಿಕೆ ಕಮ್ಮಿ ಮಾಡೀನ್ರಿ. ಬರೋಬರ್ ಆತಿಲ್ಲೋ?"

ಸರಿಯಾಗಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, ಕಾಗದವನ್ನು ಮತ್ತೊಮ್ಮೆ ಓದುವಂತೆ ನಟಿಸಿ, ಹೇಳಿದೆ:

"ಇಲ್ಲ ಶಮೀಮ್. ತಪ್ಪಾಗೇತಿ. ಬಿಚ್ಚರಿ."

ಅವರು ಕಡ್ಡಿಗಳನ್ನು ಹೊರಗೆಳೆದರು. ದಾರದ ತುದಿ ಹಿಡಿದು ಎಳೆಯುತ್ತಾ ಹೋದರು. ಬಿಚ್ಚಿ ಬಿಚ್ಚಿ ಉಣ್ಣೆಗೆ ನವಿರೆದ್ದಿತ್ತು. "ಇದಕ್ಕೂ ಬ್ಯಾಸರ ಆಗೇತಿ" ಎಂದರು, ನಗದೆ.

ಹೆರಿಗೆ ಹತ್ತಿರ ಬಂತು. ಬೆನ್ನು, ಬಲಭಾಗ — ಅಷ್ಟನ್ನೇ ತಮ್ಮ ಮನೆಯಲ್ಲಿ ಬಿಟ್ಟು ನಾಶಿಕ್‌ಗೆ ಹೋದರು. ತಿಂಗಳುಗಳಾದ ಮೇಲೆ ಮರಳಿ ಬಂದು ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದರು. ಎದೆಯ ಮೇಲೆ ಮೊಲವಿದ್ದ, ಅಂಗಡಿಯ ಸ್ವೆಟರ್. ಚೆನ್ನಾಗಿದೆ ಎಂದೆ. ಅವರು ಹೆಣೆದ ಭಾಗಗಳು, ಉಣ್ಣೆ, ಕಡ್ಡಿಗಳಿದ್ದ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು.

"ನಿಮ್ಮ ಹತ್ರನs ಇರಲಿ ಸಿಸ್ಟರ್. ನನ್ನ ತಲ್ಯಾಗ ಇದು ಹೋಗೂದಿಲ್ಲ. ಸುಮ್ಮನ ನಿಮ್ಮ ವ್ಯಾಳ್ಯಾ ಹಾಳ ಮಾಡಿದೆ, ಮಾಫ್ ಮಾಡ್ರಿ."

ನನ್ನಲ್ಲಿ ಕ್ಷಮೆ ಕೇಳಿದರು — ಅವರು. ನಾನು "ಇರಲಿ ಬಿಡ್ರಿ" ಎಂದೆ. ಆ ಎರಡು ಮಾತು, ನಾನು ಆಡಿದ ಎಲ್ಲ ಸುಳ್ಳಿಗಿಂತ ದೊಡ್ಡ ಸುಳ್ಳು.

ಅವರು ಬರುವುದು ನಿಂತಿತು. ಬರಲು ಕಾರಣವೇ ಉಳಿಯಲಿಲ್ಲವಲ್ಲ. ಆಮೇಲೆ ಮಗನ ಜೊತೆ ವಡಾಲಕ್ಕೆ ಮನೆ ಬದಲಿಸಿದರು. ಇಲ್ಲಿಂದ ಒಂದು ಬಸ್ಸಿನ ದಾರಿ. ಒಮ್ಮೆಯೂ ಹೋಗಿಲ್ಲ.

ಇವತ್ತು ಫೋನ್ ಮಾಡಿದ್ದರು. ಮಗಳು ಮತ್ತೆ ಬಸುರಿಯಂತೆ. ಮತ್ತೆ ಸ್ವೆಟರ್ ಕೇಳಿದಳಂತೆ. "ನನಗ ಅಷ್ಟ ಅಕಲ್ ಇಲ್ಲವ್ವಾ, ಅಂಗಡ್ಯಾಗ ತಗೋ ಅಂದೆ" ಎಂದು ಹೇಳಿ ನಕ್ಕರು. ಆ ನಗುವನ್ನು ಕೇಳಿ, ಫೋನ್ ಇಟ್ಟ ಮೇಲೆ, ನಾನು ಆ ಚೀಲವನ್ನು ಹೊರಗೆ ತೆಗೆದೆ.

ಎಡಭಾಗವನ್ನು ನಾನೇ ಹೆಣೆದು ಮುಗಿಸಬಹುದು. ಮುಗಿಸುವುದಿಲ್ಲ. ಅದು ನನ್ನ ಕೈಯಿಂದ ಆಗಬೇಕಾದದ್ದಲ್ಲ. ನಾಳೆ ಚೀಲವನ್ನು ಹಾಗೆಯೇ ವಡಾಲಕ್ಕೆ ಒಯ್ಯುತ್ತೇನೆ. ನೀವು ಅಂದು ಹೆಣೆದದ್ದು ಸರಿಯಿತ್ತು ಶಮೀಮ್, ಗೊತ್ತಿದ್ದೇ ಬಿಚ್ಚಿಸಿದೆ — ಇಷ್ಟನ್ನು ಬಾಗಿಲಲ್ಲಿ ನಿಂತೇ ಹೇಳುತ್ತೇನೆ. ಅವರು ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟ ಮೇಲೆ ನಾನು ಹೇಳಿದರೆ, ಅವರಿಂದ ಇನ್ನೂ ಒಂದು ಮಧ್ಯಾಹ್ನ ಕದ್ದ ಹಾಗೆ.