ಅಣ್ಣನ ಬಿಲ್ಲೆ, ತಮ್ಮನ ಸಾವು

೧೯೮೭–೮೮ರ ಹಂಗಾಮಿನಲ್ಲಿ ನಾನು ಚಿಕ್ಕೋಡಿ ಭಾಗದ ಸಕ್ಕರೆ ಕಾರ್ಖಾನೆಯೊಂದರ ಸಾರಿಗೆ ವಿಭಾಗದಲ್ಲಿ ಟೈಮ್‌ಕೀಪರ್ ಆಗಿದ್ದೆ. ಯಾವ ಲಾರಿ ಎಷ್ಟಕ್ಕೆ ಹೊರಟಿತು, ಯಾರು ಓಡಿಸಿದರು, ಎಷ್ಟಕ್ಕೆ ಕಬ್ಬು ಹೇರಿಕೊಂಡು ಮರಳಿತು ಎಂದು ಬರೆದಿಡುವುದು ನನ್ನ ಕೆಲಸ. ಕುರ್ಚಿ ಸಣ್ಣದು, ಗತ್ತು ದೊಡ್ಡದು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮ್ಮಲ್ಲಿ ಇಪ್ಪತ್ತೆರಡು ಹಂಗಾಮಿ ಚಾಲಕರಿದ್ದರು. ಕಬ್ಬು ನುರಿಸುವ ಐದಾರು ತಿಂಗಳು ಮುಗಿದರೆ ಅವರೆಲ್ಲ ಮನೆಗೆ. ದೀಪಾವಳಿ ಕಳೆದ ಮೇಲೆ ಮತ್ತೆ ಗೇಟಿನ ಮುಂದೆ ಸಾಲು. ಮೂರು ಹಂಗಾಮು ಒಂದು ದಿನವೂ ಖಾಡಾ, ಅಂದರೆ ಗೈರುಹಾಜರಿ, ಇಲ್ಲದೆ ದುಡಿದವನ ಹೆಸರು ಕಾಯಂ ಪಟ್ಟಿಗೆ ಹೋಗುತ್ತಿತ್ತು. ಜ್ವರ ಬರಲಿ, ಮನೆಯಲ್ಲಿ ಹೆಣ ಬೀಳಲಿ, ಆಡಳಿತ ಕೇಳುತ್ತಿರಲಿಲ್ಲ.

ಹೀಗಾಗಿ ಚಾಲಕರು ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಒಬ್ಬ ಹಾಸಿಗೆ ಹಿಡಿದರೆ ಅವನ ಹಿತ್ತಾಳೆ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ತಮ್ಮನೋ ಭಾವಮೈದುನನೋ ಬಂದು ಲಾರಿ ಹತ್ತುತ್ತಿದ್ದ. ಹಾಜರಿ ಮಾತ್ರ ಬಿಲ್ಲೆಯ ಮೇಲಿನ ನಂಬರಿಗೆ ಬೀಳುತ್ತಿತ್ತು. ಲಾರಿ ನಿಲ್ಲದಿದ್ದರೆ ನಮಗೂ ಸಾಕಾಗಿತ್ತು. ಕಂಡೂ ಕಾಣದಂತೆ ಇರುತ್ತಿದ್ದೆವು.

ಕಬ್ಬೂರಿನ ಬಾಳಪ್ಪನಿಗೆ ಅದು ಮೂರನೇ ಹಂಗಾಮು. ಸ್ವಂತ ಹೊಲವಿಲ್ಲ, ಅಪ್ಪ, ಅಜ್ಜ ಎಲ್ಲರೂ ಮಂದಿಯ ಹೊಲದಲ್ಲಿ ದುಡಿದವರು. ಕಾಯಂ ಆದರೆ ಆ ಮನೆತನಕ್ಕೇ ಮೊದಲ ನೌಕರಿ. ಮೂರು ವರ್ಷದಲ್ಲಿ ಒಂದೂ ಖಾಡಾ ಇರಲಿಲ್ಲ. ಹಂಗಾಮು ಮುಗಿಯಲು ಹತ್ತೊಂಬತ್ತು ದಿನ ಇದ್ದಾಗ ಅವನಿಗೆ ಕಾಮಾಲೆ ಆಯಿತು. ಮುಂಜಾನೆ ಅವನ ತಮ್ಮ ಮಲ್ಲಪ್ಪ ನನ್ನ ಕಿಟಕಿಯ ಮುಂದೆ ನಿಂತ.

"ಸಾಹೇಬ್ರ, ಅಣ್ಣಗ ಕಾಮಣಿ ಆಗೇತ್ರಿ. ಒಂದ್ ವಾರ ಗಾಡಿ ನಾ ಹೊಡಿತೀನ್ರಿ."

"ಲೈಸೆನ್ಸ್ ಐತೇನಲೇ?"

"ಐತ್ರಿ, ಹೆವಿ ಐತ್ರಿ."

"ಮತ್ತ ನನ್ನ ಮುಂದ ಯಾಕ ನಿಂತಿ? ನಾ ಏನೂ ನೋಡಿಲ್ಲ. ನಡಿ!"

ಅವನು ನಕ್ಕು ಹೋದ. ಒಂದು ಉಪಕಾರ ಮಾಡಿದೆ ಎಂದು ನನಗೂ ಖುಷಿಯಾಯಿತು.

ನಾಲ್ಕನೇ ದಿನ ಮಧ್ಯಾಹ್ನ ರಾಯಬಾಗ ರಸ್ತೆಯಲ್ಲಿ ಮುಂದಿನ ಟಾಯರ್ ಸಿಡಿದು, ಲಾರಿ ಹೇರಿದ ಕಬ್ಬಿನ ಸಮೇತ ಕಾಲುವೆಗೆ ಬಿತ್ತು. ಮಲ್ಲಪ್ಪ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೇಬಿನ ಬಿಲ್ಲೆ ನೋಡಿ, ಕಾರ್ಖಾನೆಗೆ ಫೋನ್ ಮಾಡಿ, ಸತ್ತವನ ಹೆಸರು ಬಾಳಪ್ಪ ಎಂದು ಬರೆದಾಗಿತ್ತು. ಅದನ್ನು ನಾನು ತಿದ್ದಿಸಲಿಲ್ಲ.

ಸುದ್ದಿ ಮುಟ್ಟಿಸಲು ನನ್ನನ್ನೇ ಜೀಪಿನಲ್ಲಿ ಕಬ್ಬೂರಿಗೆ ಕಳಿಸಿದರು. ಬಾಳಪ್ಪ ಹಳದಿ ಕಣ್ಣು ಬಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮಲ್ಲಪ್ಪನ ಹೆಂಡತಿ ಶಾಂತವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿದ್ದೇ ಬಾಳಪ್ಪ ಎದ್ದು ನಿಂತ.

"ಮಲ್ಲ್ಯಾ ಎಲ್ಲಿ ಅದಾನ್ರಿ?"

ಶಾಂತವ್ವ ಕೈಯಲ್ಲಿನ ಮೊರ ಬಿಟ್ಟು ಚೀರಿದ ದನಿಗೆ ಓಣಿಯ ಮಂದಿಯೆಲ್ಲ ಓಡಿಬಂದರು.

ಹೆಣ ಗುರುತಿಸಲು ಬಾಳಪ್ಪನೇ ಬಂದಾಗ ಸತ್ತವನು ಮಲ್ಲಪ್ಪ ಎಂಬುದು ಎಲ್ಲರಿಗೂ ಗೊತ್ತಾಯಿತು. ಮೂರನೇ ದಿನ ಲೇಬರ್ ಆಫೀಸರರ ಮುಂದೆ ವಿಚಾರಣೆ ನಡೆಯಿತು. ವಿಷಯ ಸರಳವಾಗಿತ್ತು. ಮಲ್ಲಪ್ಪ ಓಡಿಸುತ್ತಿದ್ದುದು ವಿಭಾಗಕ್ಕೆ ಗೊತ್ತಿದ್ದರೆ ಅದು ಕರ್ತವ್ಯದ ಮೇಲಿನ ಸಾವು. ಶಾಂತವ್ವನಿಗೆ ಪರಿಹಾರ ಸಿಗುತ್ತದೆ, ಕೆಲಸವೂ ಸಿಗಬಹುದು. ಗೊತ್ತಿಲ್ಲದಿದ್ದರೆ ಅವನು ಕಳ್ಳತನದಿಂದ ಲಾರಿ ಹತ್ತಿದ ಹೊರಗಿನವ. ಗೊತ್ತಿತ್ತು ಎಂದರೆ ನನ್ನ ಹನ್ನೊಂದು ವರ್ಷದ ನೌಕರಿ ಹೋದಂತೆ. ನನಗೆ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಬಾಳಪ್ಪ ಹೇಳಿಬಿಟ್ಟ:

"ಸಾಹೇಬ್ರಿಗೆ ಗೊತ್ತಿಲ್ರಿ. ಬಿಲ್ಲೆ ನಾನ ಕೊಟ್ಟೇನ್ರಿ."

ಅಂದೇ ಅವನ ಹೆಸರು ಚಾಲಕರ ಪಟ್ಟಿಯಿಂದ ಹೋಯಿತು. ಪರಿಹಾರದ ಮಾತು ಶಾಂತವ್ವನ ಅರ್ಜಿ ಬಂದ ಮೇಲೆ ಎಂದರು. ಹೊರಗೆ ಬಂದು ಕೇಳಿದೆ, "ಯಾಕ ಹಂಗಂದಿ, ಮಾರಾಯಾ?"

"ನಿಮ್ಮನ್ನೂ ತಗದ್ರ ಒಳಗ ನಮ್ಮ ಪರ ಮಾತಾಡಾವ್ರು ಯಾರ್ರಿ? ನನ್ನದು ಹೋಗ್ಲಿ ಬಿಡ್ರಿ. ಶಾಂತವ್ವನ ಅರ್ಜಿ ಬಂದಾಗ ಖರೇ ಒಂದ್ ಮಾತ ಬರದ್ ಬಿಡ್ರಿ."

ಅವನ ಕೈ ಹಿಡಿದು "ಬರೀತೇನಿ" ಎಂದೆ.

ಜೂನ್‌ನಲ್ಲಿ ಅರ್ಜಿ ನನ್ನ ಟೇಬಲ್ಲಿಗೇ ಬಂತು. ಕೆಳಗೆ ಶಾಂತವ್ವನ ಹೆಬ್ಬೆಟ್ಟು. "ಮೃತನು ವಾಹನ ಚಲಾಯಿಸುತ್ತಿದ್ದುದು ವಿಭಾಗಕ್ಕೆ ತಿಳಿದಿತ್ತೇ?" ಎಂಬ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಎರಡು ದಿನ ಹಾಗೇ ಇಟ್ಟುಕೊಂಡೆ. ಊಟ ರುಚಿಸಲಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಮೂರನೇ ದಿನ "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಅರ್ಜಿ ತಿರಸ್ಕೃತವಾಯಿತು. ಶಾಂತವ್ವ ಮುಂದಿನ ಹಂಗಾಮಿನಿಂದ ಕಬ್ಬು ಕಡಿಯುವ ಗುಂಪಿಗೆ ಸೇರಿದಳು. ಥೂ, ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಾಳಪ್ಪ ಆಮೇಲೆ ಒಬ್ಬ ಕಂತ್ರಾಟದಾರನ ಲಾರಿ ಹಿಡಿದು ನಮ್ಮ ಗೇಟಿಗೇ ಕಬ್ಬು ತರುತ್ತಿದ್ದ. "ನಮಸ್ಕಾರ್ರಿ ಸಾಹೇಬ್ರ" ಎನ್ನುತ್ತಿದ್ದ, ಚೀಟಿ ತೆಗೆದುಕೊಂಡು ಹೋಗುತ್ತಿದ್ದ. ಅರ್ಜಿ ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಕಳಿಸುತ್ತಿದ್ದೆ. ನಾನು ನಿವೃತ್ತನಾಗುವವರೆಗೂ ಕೇಳಲಿಲ್ಲ.

ಕಂಡೂ ಕಾಣದಂತೆ ಇರುವುದು ಬಡವರಿಗೆ ಮಾಡುವ ಉಪಕಾರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅದಲ್ಲ. ಬಾಯಲ್ಲಿ "ಹೂಂ" ಎಂದವನು ಕಾಗದದ ಮೇಲೂ "ಹೂಂ" ಎನ್ನಬೇಕು. ಅಷ್ಟು ಎದೆಗಾರಿಕೆ ಇಲ್ಲದಿದ್ದರೆ ಮೊದಲೇ "ಆಗೂದಿಲ್ಲ" ಎಂದು ಗದರಿಸಿ ಕಳಿಸಬೇಕು. ಆ ಮುಂಜಾನೆ ನಾನು ಗದರಿಸಿದ್ದರೆ ಬಾಳಪ್ಪನಿಗೆ ಕಾಯಂ ನೌಕರಿ ತಪ್ಪುತ್ತಿತ್ತು, ಊರೆಲ್ಲ ನನಗೆ ಶಾಪ ಹಾಕುತ್ತಿತ್ತು. ಮಲ್ಲಪ್ಪ ಮನೆಗೆ ಹೋಗುತ್ತಿದ್ದ.